ಕಾನೂನು ಅಂಗಡೀಲಿ ಕೂತದೆ, ಮಾರಾಟ ಹೊಲದ ಬದುವಿನ ಮೇಲೆ ನಡೀತದೆ

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಈಗ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಕೇಳಿ ಬರ್ತಿದೆ. ಊರಿಗೆ ಬಂದು ಬೀಜ ಮಾರೋರಿಗೆ 30 ಲಕ್ಷ ದಂಡ ಅಂತೆ ಹೌದಾ, ಟಾನಿಕ್ ಬಾಟ್ಲಿ ಎಲ್ಲಾ ಬ್ಯಾನ್ ಆಯ್ತಂತೆ ಹೌದಾ, ಸೋಲಾರ್ ಪಂಪಿಗೆ ಮನೆಗೇ ಬಂದು ಅರ್ಜಿ ತುಂಬ್ತಾರಂತೆ ಅದು ಸರ್ಕಾರದ್ದೇನಾ. ಮೂರೂ ಬೇರೆ ಬೇರೆ ಸುದ್ದಿ, ಮೂರಕ್ಕೂ ಬೇರೆ ಬೇರೆ ಕಾನೂನು, ಆದ್ರೆ ರೈತನ ಮುಂದೆ ಮೂರೂ ಒಂದೇ ರೂಪದಲ್ಲಿ ಬರ್ತಾವೆ: ಬೈಕ್ ಮೇಲೆ, ಬ್ಯಾಗ್ ಹಾಕ್ಕೊಂಡು, ಟೀ ಅಂಗಡಿ ಹತ್ರ ಊರ ಒಬ್ಬ ಹುಡುಗನ್ನ ಜೊತೆಗೆ ಹಾಕ್ಕೊಂಡು ಬರೋ ಒಬ್ಬ ಮನುಷ್ಯ. ಅದಕ್ಕೇ ಎಲ್ಲಾ ಕಲಸಿಕೊಂಡು ಬಿಟ್ಟಿದೆ.

ಗೊಂದಲ ಶುರುವಾಗಿದ್ದು ಎಲ್ಲಿಂದ

ಮೊದಲನೇದು ಬೀಜದ ಮಾತು. ನಮ್ಮಲ್ಲಿ ಬೀಜದ ಕಾಯ್ದೆ 1966ರದ್ದು. ಅದರಲ್ಲಿ ಮೊದಲ ಸಲ ತಪ್ಪು ಮಾಡಿದ್ರೆ ದಂಡ 500 ರೂಪಾಯಿ ತನಕ, ಇನ್ನೊಂದು ಸಲ ಮಾಡಿದ್ರೆ 1000 ರೂಪಾಯಿ ಇಲ್ಲಾ ಆರು ತಿಂಗಳ ಜೈಲು, ಬೇಕಾದ್ರೆ ಎರಡೂ. ಅಂದ್ರೆ ಒಂದು ಬಿಟಿ ಹತ್ತಿ ಪಾಕೀಟಿನ ರೇಟಿಗಿಂತ (2025-26ಕ್ಕೆ 901 ರೂಪಾಯಿ) ಮೊದಲ ದಂಡನೇ ಕಮ್ಮಿ. 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಬೀಜ ಮಸೂದೆ ಕರಡು ಬಿಡ್ತು, ಅದರಲ್ಲಿ ದೊಡ್ಡ ತಪ್ಪಿಗೆ 30 ಲಕ್ಷದ ತನಕ ದಂಡ, ಮೂರು ವರ್ಷದ ತನಕ ಜೈಲು ಅಂತ ಇದೆ, ಮಾರೋ ಡೀಲರ್ ರಾಜ್ಯದಲ್ಲಿ ನೋಂದಣಿ ಮಾಡಿಸ್ಬೇಕು, ಪಾಕೀಟಿನ ಮೇಲೆ ಕ್ಯೂಆರ್ ಕೋಡ್ ಇರ್ಬೇಕು ಅಂತಲೂ ಇದೆ. ರೈತ ತನ್ನ ಬೀಜ ಎತ್ತಿಟ್ಟುಕೊಳ್ಳೋದಕ್ಕೆ, ಪಕ್ಕದೋನಿಗೆ ಕೊಡೋದಕ್ಕೆ ಅಡ್ಡಿ ಇಲ್ಲ, ಬ್ರ್ಯಾಂಡ್ ಹೆಸರು ಹಾಕಿ ಮಾರಂಗಿಲ್ಲ ಅಷ್ಟೆ. ಆದ್ರೆ ಜನರ ಬಾಯಲ್ಲಿ ಉಳಿದಿದ್ದು 30 ಲಕ್ಷ ಮಾತ್ರ.

ಎರಡನೇದು ಟಾನಿಕ್. ಜೈವಿಕ ಉತ್ತೇಜಕ, ಅಂದ್ರೆ ಬಯೋ ಸ್ಟಿಮ್ಯುಲಂಟ್ ಅಂತ ಮಾರೋ ಬಾಟ್ಲಿಗಳಿಗೆ 2021ರ ತನಕ ಕೇಳೋರೇ ಇರಲಿಲ್ಲ. ಗೊಬ್ಬರಕ್ಕೂ ಸೇರಲ್ಲ, ಕೀಟನಾಶಕಕ್ಕೂ ಸೇರಲ್ಲ. ಆ ವರ್ಷ ಫೆಬ್ರವರಿಯಲ್ಲಿ ಅದನ್ನ ಗೊಬ್ಬರ ನಿಯಂತ್ರಣ ಆದೇಶದ ಒಳಗೆ ತಂದ್ರು, ಆದ್ರೆ ತಾತ್ಕಾಲಿಕ ಸರ್ಟಿಫಿಕೇಟ್ ಮೇಲೆ ಮಾರೋಕೆ ಬಿಟ್ರು, ಆ ಅವಧಿ ಮತ್ತೆ ಮತ್ತೆ ಮುಂದಕ್ಕೆ ಹೋಗಿ ಕೊನೆಗೆ 2025ರ ಜೂನ್ 16ಕ್ಕೆ ಮುಗೀತು. ಆಮೇಲೆ ಜುಲೈನಲ್ಲಿ ಕೇಂದ್ರ ಕೃಷಿ ಸಚಿವರು ಹೇಳಿದ ಲೆಕ್ಕ ಇದು: ಒಂದು ಕಾಲಕ್ಕೆ ಸುಮಾರು 30,000 ಇಂಥ ಉತ್ಪನ್ನ ಮಾರ್ಕೆಟ್‌ನಲ್ಲಿದ್ವು, ನಂತರ 8,000ಕ್ಕೆ ಇಳೀತು, ಈಗ ಬಿಗಿ ಮಾಡಿದ ಮೇಲೆ ಸುಮಾರು 650. ಅಂದ್ರೆ ಬ್ಯಾನ್ ಆಗಿಲ್ಲ, ಪರೀಕ್ಷೆ ಪಾಸಾದವು ಉಳಿದಾವೆ. ಉಳಿದ ಸಾವಿರಾರು ಹೆಸರಿನ ಬಾಟ್ಲಿ ಎಲ್ಲಿ ಹೋದ್ವು? ಅಂಗಡಿ ಶೆಲ್ಫಿನಿಂದ ಇಳಿದಿರೋ ಸರಕು ಬೈಕಿನ ಬ್ಯಾಗ್ ಹತ್ತಿದ್ರೆ ಆಶ್ಚರ್ಯ ಏನಿಲ್ಲ.

ಮೂರನೇದು ಸೋಲಾರ್, ಅದು ಮುಂದೆ ಬರ್ತದೆ.

ಬರೋರು ಎಲ್ಲಾ ಒಂದೇ ಥರದೋರಲ್ಲ

ಸುಗ್ಗಿ ನೋಡಿ ಬರೋರು, ಬಿತ್ತನೆ ನೋಡಿ ಬರೋರು, ರೋಗ ನೋಡಿ ಬರೋರು ಅಂತ ಮೂರು ಪಂಗಡ. ಮೇ-ಜೂನ್‌ಗೆ ಬೀಜದೋರು, ಆಗಸ್ಟಿಂದ ನವೆಂಬರ್ ತನಕ ಔಷಧದೋರು, ಜನವರಿಯಿಂದ ಮಾರ್ಚ್ ತನಕ, ಅಂದ್ರೆ ಮೆಣಸಿನಕಾಯಿ, ತೊಗರಿ, ಹತ್ತಿ ರೊಕ್ಕ ಕೈಗೆ ಬರೋ ಹೊತ್ತಿಗೆ, ಬೋರ್‌ವೆಲ್ ಗಾಡಿ ಏಜೆಂಟು, ಸೋಲಾರ್, ತಂತಿ ಬೇಲಿ, ನರ್ಸರಿ ಗಿಡ, ಬೈಬ್ಯಾಕ್ ಮಾಡ್ತೀವಿ, ಅಂದ್ರೆ ಬೆಳೆದದ್ದನ್ನ ನಾವೇ ವಾಪಸ್ ಕೊಳ್ತೀವಿ ಅನ್ನೋ ಶ್ರೀಗಂಧ-ಮಹಾಗನಿ ಗಿರಾಕಿಗಳು.

ಇವರಲ್ಲಿ ಒಂದಷ್ಟು ಜನ ಖರೇನೇ ಕಂಪನಿ ಸಂಬಳದ ಹುಡುಗರು. ಡೆಮೋ ಪ್ಲಾಟ್ ಮಾಡ್ತಾರೆ, ಕ್ಷೇತ್ರೋತ್ಸವ ಮಾಡಿ ಊಟ ಹಾಕ್ತಾರೆ, ಆದ್ರೆ ರೊಕ್ಕ ಕೈಯಲ್ಲಿ ತಗೊಳಲ್ಲ, ಇಂಥ ಅಂಗಡೀಲಿ ಸಿಗ್ತದೆ ನೋಡ್ರಿ ಅಂತಾರೆ. ಇನ್ನೊಂದಷ್ಟು ಜನ ಕಮಿಷನ್ ಮೇಲೆ ಓಡಾಡೋರು, ತಿಂಗಳಿಗೊಂದು ಕಂಪನಿ ಹೆಸರು. ಮತ್ತೊಂದು ಗುಂಪು ಚೈನ್ ಮಾರ್ಕೆಟಿಂಗ್‌ನೋರು, ಇಲ್ಲಿ ಮಾರೋನು ಹೊರಗಿನೋನೇ ಅಲ್ಲ, ಸ್ವಂತ ಅಳಿಯ ಇಲ್ಲಾ ಬೀಗರ ಪೈಕಿ, ಅದಕ್ಕೇ ಬ್ಯಾಡ ಅನ್ನೋಕೆ ಬಾಯಿ ಬರಲ್ಲ. ಕೊನೇದು ಒಂದು ಸಲ ಬಂದು ಮತ್ತೆ ಮುಖ ತೋರ್ಸದೇ ಇರೋರು.

ಹೊಲದಲ್ಲಿ ನಿಂತೋನಿಗೆ ಈ ನಾಲ್ಕೂ ಜನ ಒಂದೇ ಥರ ಕಾಣ್ತಾರೆ. ಅದೇ ಟೀ ಶರ್ಟು, ಅದೇ ಲ್ಯಾಮಿನೇಟ್ ಮಾಡಿದ ಫೋಟೋ, ಅದೇ ಮಾತು: "ತಾತಾ, ಒಂದ್ ಎಕ್ರೆಕ್ಕ ಅಷ್ಟ ಹೊಡ್ಸು. ಮೂರು ದಿನ ಬಿಟ್ಟು ನಾನ ಬಂದು ನೋಡ್ತೀನಿ. ಫರಕ ಕಾಣ್ಲಿಲ್ಲಂದ್ರ ರೊಕ್ಕ ಕೊಡಬ್ಯಾಡ."

ಒಂದು ಬಾಟ್ಲಿ ಕೈಗೆ ತಗೊಂಡು ತಿರುಗಿಸಿ ನೋಡಿದ್ರೆ

ಮೆಣಸಿನಕಾಯಿ ಬೆಳೆಯೋರಿಗೆ 2021 ಮರೆಯೋ ವರ್ಷ ಅಲ್ಲ. ಹೂವಿನ ಒಳಗೆ ಕೂತು ತಿನ್ನೋ ಕಪ್ಪು ಥ್ರಿಪ್ಸ್ ಬಂತು, ಆಂಧ್ರ, ತೆಲಂಗಾಣ, ನಮ್ಮ ಕಡೆ ಮೂರೂ ರಾಜ್ಯದಲ್ಲಿ ತೋಟಕ್ಕೆ ತೋಟ ಹೋದ್ವು. ಅಂಗಡೀಲಿ ಸಿಗೋ ಔಷಧ ಒಂದಾದ ಮೇಲೆ ಒಂದು ಹೊಡೆದ್ರೂ ನಿಲ್ಲದಾಗ ಯಾರು ಏನು ತಂದುಕೊಟ್ರೂ ಹೊಡೆಯೋ ಪರಿಸ್ಥಿತಿ ಆಯ್ತು. ಜೈವಿಕ, ಆರ್ಗ್ಯಾನಿಕ್, ಹರ್ಬಲ್ ಅನ್ನೋ ಬಾಟ್ಲಿಗಳಿಗೆ ಇದಕ್ಕಿಂತ ಒಳ್ಳೆ ಕಾಲ ಬೇರೆ ಇರಲಿಲ್ಲ.

ಅಂಥ ಒಂದು ಬಾಟ್ಲಿ ಹೆಂಗಿರ್ತದೆ ಅಂದ್ರೆ, ಮುಂದೆ ಮೆಣಸಿನಕಾಯಿ ಫೋಟೋ, ಒಂದು ಹುಲಿನೋ ಸಿಂಹನೋ, ಕೆಳಗೆ "ನೂರಕ್ಕೆ ನೂರು ಸಾವಯವ". ಹಿಂದೆ ತಿರುಗಿಸಿದ್ರೆ "ಸಸ್ಯ ಸಾರ" ಇಷ್ಟು, "ಇತರೆ" ಇಷ್ಟು, ಒಟ್ಟು ನೂರು. ಎಂಆರ್‌ಪಿ ದೊಡ್ಡದಾಗಿ ಬರೆದಿರ್ತದೆ, ಯಾಕಂದ್ರೆ ಅದನ್ನ ಅರ್ಧಕ್ಕೆ ಇಳಿಸಿ ಕೊಟ್ಟಂಗೆ ಮಾಡ್ಬೇಕಲ್ಲ. ಇರಲೇಬೇಕಾದ್ದು ಏನು ಇಲ್ಲ ಅಂತ ಹುಡುಕ್ಬೇಕು. ಹುಳ ಸಾಯ್ತದೆ ಅಂತ ಮಾರೋ ಯಾವ ವಸ್ತು ಆದ್ರೂ 1968ರ ಕೀಟನಾಶಕ ಕಾಯ್ದೆ ಕೆಳಗೆ ಬರ್ತದೆ, ಬೇವಿನದ್ದಿರಲಿ ಶಿಲೀಂಧ್ರದ್ದಿರಲಿ. ಅದರ ಲೇಬಲ್ ಮೇಲೆ ನೋಂದಣಿ ನಂಬರ್, ತಯಾರಿಕೆ ಲೈಸೆನ್ಸ್ ನಂಬರ್, ಬ್ಯಾಚ್, ತಯಾರಾದ ತಾರೀಖು, ಮುಗಿಯೋ ತಾರೀಖು ಇರ್ಬೇಕು, ಜೊತೆಗೆ ಬಣ್ಣದ ಗುರುತು: ಕೆಂಪಾದ್ರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಆ ಗುರುತೇ ಇಲ್ಲದ ಬಾಟ್ಲಿ ಹುಳ ಕೊಲ್ತದೆ ಅಂತ ಹೇಳೋ ಹಂಗೇ ಇಲ್ಲ.

ಇಲ್ಲಿ ಮಾರೋನು ಜಾಣತನ ಮಾಡ್ತಾನೆ, ಇದು ಔಷಧ ಅಲ್ರಿ, ಟಾನಿಕ್ ಅಂತಾನೆ. ಸರಿ, ಟಾನಿಕ್ ಅಂತಲೇ ಇಟ್ಕೊಳ್ಳೋಣ. ಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಜೈವಿಕ ಉತ್ತೇಜಕದಲ್ಲಿ ಕೀಟನಾಶಕ 0.01 ಪಿಪಿಎಂಗಿಂತ ಜಾಸ್ತಿ ಇರಂಗಿಲ್ಲ, ಅಂದ್ರೆ ನೂರು ಕೋಟಿ ಪಾಲಲ್ಲಿ ಹತ್ತು ಪಾಲು. ಅಷ್ಟರಲ್ಲಿ ಒಂದು ಇರುವೆನೂ ಸಾಯಲ್ಲ. ಹಂಗಿದ್ರೂ ಈ "ಟಾನಿಕ್" ಸಂಜೆ ಹೊಡೆದ್ರೆ ಮುಂಜಾನೆಗೆ ಹುಳ ಉದುರಿ ಬಿದ್ದಿದ್ರೆ, ಆ ಬಾಟ್ಲಿ ಒಳಗೆ ಹೆಸರು ಹೇಳದೇ ಬೆರೆಸಿರೋ ಕೆಮಿಕಲ್ ಇದೆ ಅಂತಲೇ ಲೆಕ್ಕ. ಅಂದ್ರೆ "ಫರಕ ಕಾಣ್ತು" ಅನ್ನೋದು ಅದು ಒಳ್ಳೇದು ಅನ್ನೋದಕ್ಕೆ ಸಾಕ್ಷಿ ಅಲ್ಲ, ಕಲಬೆರಕೆ ಅನ್ನೋದಕ್ಕೆ ಸಾಕ್ಷಿ.

ಇದರಿಂದ ಏನು ತೊಂದ್ರೆ, ಹುಳ ಸತ್ರೆ ಸಾಕಲ್ಲ ಅನ್ನಬಹುದು. ಮೊದಲನೇದು ಹೊಡೆಯೋ ಆಳು ಮುಖಕ್ಕೆ ಬಟ್ಟೆನೂ ಕಟ್ಟಲ್ಲ, ಸಾವಯವ ಅಲ್ವಾ. ತಲೆ ಸುತ್ತಿ ಆಸ್ಪತ್ರೆಗೆ ಹೋದ್ರೆ ಏನು ವಿಷ ಅಂತ ಡಾಕ್ಟರಿಗೆ ಹೇಳೋಕೆ ಬಾಟ್ಲಿ ಮೇಲೆ ಏನೂ ಇರಲ್ಲ, ಅಸಲಿ ಲೇಬಲ್ ಮೇಲೆ ಪ್ರತಿವಿಷ ಯಾವುದು ಅಂತಲೂ ಬರೆದಿರ್ತಾರೆ. ಎರಡನೇದು ಅದರೊಳಗೆ ಇರೋದು ರೈತ ಹೋದ ವಾರ ಹೊಡೆದ ಔಷಧನೇ ಆಗಿದ್ರೆ ಹುಳ ಅದಕ್ಕೆ ಇನ್ನಷ್ಟು ಒಗ್ಗಿಕೊಳ್ತದೆ, ಮುಂದಿನ ಸಲ ಡಬಲ್ ಡೋಸ್ ಬೇಕಾಗ್ತದೆ. ಮೂರನೇದು ಕಾಯಿ ಒಳಗೆ ಉಳಿಯೋ ಅಂಶ, ರಫ್ತಿಗೆ ತಗೊಳ್ಳೋರು ಲ್ಯಾಬ್ ಟೆಸ್ಟ್ ಮಾಡಿಸಿದಾಗ ಹೊಡೆದೇ ಇಲ್ಲದ ಔಷಧದ ಹೆಸರು ಹೊರಗೆ ಬರ್ತದೆ.

ಹಂಗಿದ್ರೂ ಇವರ ಹತ್ರನೇ ಯಾಕೆ ಕೊಳ್ತಾರೆ

"ಮುಗ್ಧ ರೈತರು ಮೋಸ ಹೋದರು" ಅಂತ ಬರೆದುಬಿಡೋದು ಸುಲಭ. ಆದ್ರೆ ಅದು ನಿಜ ಅಲ್ಲ. ರೈತ ಲೆಕ್ಕ ಹಾಕೇ ಕೊಳ್ತಾನೆ, ಅವನ ಲೆಕ್ಕದಲ್ಲಿ ಅಂಗಡಿನೂ ಅಂಥಾ ಸಾಚಾ ಏನಲ್ಲ.

ನಮ್ಮ ಕಡೆ ಗೊಬ್ಬರ ಅಂಗಡಿ ಬಹಳ ಕಡೆ ಉದ್ರಿ ಅಂಗಡಿ. ಬೀಜ, ಗೊಬ್ಬರ, ಎಣ್ಣಿ (ಹೊಡೆಯೋ ಔಷಧ) ಎಲ್ಲಾ ಉದ್ರಿ ಕೊಟ್ಟು ಸುಗ್ಗಿಗೆ ಬಡ್ಡಿ ಸಮೇತ ಮುರ್ಕೊಳ್ತಾರೆ, ಕೆಲವು ಕಡೆ ಬೆಳೆನೂ ಅವರ ಪೈಕಿಯೋರ ಕಮಿಷನ್ ಅಂಗಡಿಗೇ ಹಾಕ್ಬೇಕು. ಉದ್ರಿ ತಗೊಂಡೋನು ಇದು ಬ್ಯಾಡ, ಅದು ಕೊಡು ಅನ್ನೋ ಹಂಗಿಲ್ಲ, ಸಾವ್ಕಾರ ಕೊಟ್ಟಿದ್ದೇ ಔಷಧ. ಲಾವಣಿ, ಅಂದ್ರೆ ಬೇರೆಯವರ ಹೊಲ ಗುತ್ತಿಗೆಗೆ ಹಿಡಿದು ಮಾಡೋರಿಗೆ ಪಹಣಿ ಬೇರೆಯವರ ಹೆಸರಲ್ಲಿ ಇರೋದ್ರಿಂದ ಬ್ಯಾಂಕ್ ಬೆಳೆಸಾಲ ಸಿಗೋದು ಕಷ್ಟ, ಅವರಿಗೆ ಈ ಕಟ್ಟು ಇನ್ನೂ ಬಿಗಿ.

ಇದರ ಮೇಲೆ 2025ರ ಮುಂಗಾರಲ್ಲಿ ಯೂರಿಯಾ ಅಭಾವ. ಕೊಪ್ಪಳದಲ್ಲಿ ರೈತರೊಬ್ಬರು ಯೂರಿಯಾ ಸಿಗದೆ ಮಣ್ಣು ತಿಂದ ವಿಡಿಯೋ ರಾಜ್ಯ ಎಲ್ಲಾ ಓಡಾಡ್ತು. 45 ಕೆಜಿ ಚೀಲ 266 ರೂಪಾಯಿ ಚಿಲ್ಲರೆಗೆ ಸಿಗ್ಬೇಕು, ಆದ್ರೆ ಅದರ ಜೊತೆ ಬೇಡದ ಟಾನಿಕ್ಕೋ, ನ್ಯಾನೋ ಗೊಬ್ಬರದ ಬಾಟ್ಲಿನೋ ತಗೊಂಡ್ರೇ ಚೀಲ ಅನ್ನೋ ಲಿಂಕಿಂಗ್ ದೇಶ ಎಲ್ಲಾ ಇದ್ದ ದೂರು, ಅದನ್ನ ನಿಲ್ಲಿಸ್ರಿ ಅಂತ ಕೇಂದ್ರ ಸಚಿವರು ಮುಖ್ಯಮಂತ್ರಿಗಳಿಗೆ ಪತ್ರ ಬರೆಯೋ ತನಕ ಹೋಯ್ತು. ಲೈಸೆನ್ಸ್ ಇರೋ ಅಂಗಡೀಲೇ ಬೇಡದ ಬಾಟ್ಲಿ ಕೊರಳಿಗೆ ಕಟ್ತಾರೆ ಅಂದ ಮೇಲೆ, ಹೊಲಕ್ಕೆ ಬಂದು, ಎಲೆ ಮಗುಚಿ ನೋಡಿ, ರೊಕ್ಕ ಆಮೇಲೆ ಕೊಡು ಅನ್ನೋನು ಒಳ್ಳೆಯೋನಾಗಿ ಕಂಡ್ರೆ ತಪ್ಪು ಯಾರದ್ದು. ರೈತ ಸಂಪರ್ಕ ಕೇಂದ್ರದಿಂದ ಯಾರಾದ್ರೂ ಬಂದು ಎಲೆ ಮಗುಚಿದ್ರೆ ಇವನಿಗೆ ಜಾಗ ಇರ್ತಿರಲಿಲ್ಲ, ಆದ್ರೆ ಒಬ್ಬ ಸಹಾಯಕ ಕೃಷಿ ಅಧಿಕಾರಿಗೆ ಎಷ್ಟು ಹಳ್ಳಿ ಅಂತ ಹೋಗಿ ಕೇಳಿದ್ರೆ ಗೊತ್ತಾಗ್ತದೆ.

ಎಲ್ಲಾ ನಿಂತಿರೋದು ಒಂದು ಬಿಲ್ಲಿನ ಮೇಲೆ

ಬೀಜ, ಗೊಬ್ಬರ, ಕೀಟನಾಶಕ, ಮೂರಕ್ಕೂ ಕಾನೂನು ಕಟ್ಟಿರೋ ರೀತಿ ಒಂದೇ. ಲೈಸೆನ್ಸ್ ಕೊಡೋದು ಒಂದು ವಿಳಾಸಕ್ಕೆ. ಅಲ್ಲಿ ಬೋರ್ಡ್ ಇರ್ಬೇಕು, ಸ್ಟಾಕ್ ರೇಟ್ ಬರೆದಿರ್ಬೇಕು, ಕೀಟನಾಶಕ ಮಾರೋನು ಕೃಷಿ ಓದಿರ್ಬೇಕು ಇಲ್ಲಾ ಡೀಲರ್‌ಗಳಿಗೆ ಅಂತಲೇ ಇರೋ ದೇಸಿ (DAESI) ಡಿಪ್ಲೊಮಾದಂಥ ಕೋರ್ಸ್ ಮಾಡಿರ್ಬೇಕು, ಇನ್‌ಸ್ಪೆಕ್ಟರ್ ಬಂದು ಸ್ಯಾಂಪಲ್ ತೆಗೀಬೇಕು. ಎಲ್ಲಾ ಸರಿ, ಆದ್ರೆ ಇದೆಲ್ಲ ಗೋಡೆ, ಬಾಗಿಲು, ಶಟರ್ ಇರೋ ಜಾಗಕ್ಕೆ ಮಾಡಿದ್ದು. ಬೈಕಿನ ಬ್ಯಾಗಿಗೆ ವಿಳಾಸ ಎಲ್ಲಿದೆ, ಇನ್‌ಸ್ಪೆಕ್ಟರ್ ಎಲ್ಲಿ ಹೋಗಿ ಸ್ಯಾಂಪಲ್ ತೆಗೀಬೇಕು. ಸಬ್ಸಿಡಿ ಗೊಬ್ಬರ ಅಂತೂ ಅಂಗಡೀಲಿರೋ ಪಿಓಎಸ್ (ಮಾರಾಟ ದಾಖಲು ಮಾಡೋ) ಮಷಿನ್ನಿನಲ್ಲಿ ಎಂಟ್ರಿ ಆಗೇ ಮಾರಾಟ ಆಗ್ಬೇಕು, ಅಂಥದ್ರಲ್ಲಿ ಟೆಂಪೋದಲ್ಲಿ ಊರೊಳಗೆ ಬರೋ ಡಿಎಪಿ ಏನಿರಬಹುದು ನೀವೇ ಯೋಚಿಸ್ರಿ.

ಮೂರೂ ಕಾನೂನಿನಲ್ಲಿ ಇನ್ನೊಂದು ಸಾಮಾನ್ಯ ಮಾತಿದೆ, ಕೊಂಡೋನಿಗೆ ನಗದು ಇಲ್ಲಾ ಉದ್ರಿ ಬಿಲ್ಲು ಕೊಡಲೇಬೇಕು. ಇದು ಸಣ್ಣದಾಗಿ ಕಾಣ್ತದೆ ಆದ್ರೆ ಮುಂದಿನ ಎಲ್ಲಾ ದಾರಿಗೂ ಬಾಗಿಲು ಇದೇ. ಬೀಜ ಮೊಳಕೆ ಬರಲಿಲ್ಲ ಅಂದ್ರೆ ದೂರು ಕೊಡೋಕೆ ಬ್ಯಾಚ್ ನಂಬರ್ ಇರೋ ಬಿಲ್ಲು ಬೇಕು. ಕೃಷಿ ಇಲಾಖೆಯೋರು ರಾಯಚೂರು ಕೃಷಿ ವಿವಿ ವಿಜ್ಞಾನಿಗಳನ್ನ ಕರ್ಕೊಂಡು ಬಂದು ಹೊಲ ನೋಡಿ ವರದಿ ಕೊಟ್ರೂ ಆ ವರದಿನ ಯಾರ ಮೇಲೆ ಹಾಕೋದು ಅನ್ನೋದಕ್ಕೆ ಬಿಲ್ಲೇ ಬೇಕು.

ಗ್ರಾಹಕ ಆಯೋಗಕ್ಕೆ ಹೋಗೋಕೂ ಅದೇ. ರೈತ ವ್ಯಾಪಾರಕ್ಕೆ ಬೆಳೀತಾನೆ, ಅವನು ಗ್ರಾಹಕ ಅಲ್ಲ ಅಂತ ಬೀಜ ಕಂಪನಿಗಳು ಮುಂಚೆ ವಾದ ಮಾಡ್ತಿದ್ವು. 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನ ತಳ್ಳಿ ಹಾಕಿ ರೈತನೂ ಗ್ರಾಹಕನೇ ಅಂತ ಹೇಳ್ತು, ಟೆಸ್ಟಿಗೆ ಬೀಜ ಉಳಿಸಿಲ್ಲ ಅನ್ನೋದನ್ನೇ ನೆಪ ಮಾಡಿ ರೈತನ ದೂರು ತಳ್ಳೋ ಹಂಗಿಲ್ಲ, ತಂದ ಬೀಜ ಎಲ್ಲಾ ಬಿತ್ತೇ ಬಿತ್ತಿರ್ತಾನಲ್ಲ ಅಂತ. 2019ರ ಹೊಸ ಗ್ರಾಹಕ ಕಾಯ್ದೆ ಬಂದ ಮೇಲೆ ರೈತ ತಾನಿರೋ ಜಿಲ್ಲೆಯಲ್ಲೇ ಕೇಸ್ ಹಾಕಬಹುದು, ಕಂಪನಿ ಹೈದರಾಬಾದಿನಲ್ಲಿದ್ರೂ ಬಳ್ಳಾರಿಗೇ ಬರ್ಬೇಕು. ಕೊಟ್ಟ ರೊಕ್ಕ 5 ಲಕ್ಷದ ಒಳಗಿದ್ರೆ ಫೀಸೂ ಇಲ್ಲ, ಎರಡು ವರ್ಷದ ಒಳಗೆ ಹಾಕ್ಬೇಕು. ಇಷ್ಟೆಲ್ಲಾ ಅನುಕೂಲ ಇದೆ, ಆದ್ರೆ ಕಂಪನಿ ಯಾವುದು ಅಂತ ಗೊತ್ತಿದ್ರೆ ತಾನೆ. ಬಿಲ್ಲಿನ ಜಾಗದಲ್ಲಿ ಇರೋದು ಬೀಡಿ ಕಟ್ಟಿನ ಹಿಂದೆ ಬರೆದ ಒಂದು ಫೋನ್ ನಂಬರ್, ಅದು ಈಗ ಸ್ವಿಚಾಫ್.

ಬಿಲ್ಲು ಯಾಕೆ ಕೊಡಲ್ಲ ಅಂದ್ರೆ ಕಾರಣ ಎರಡು. ಒಂದು, ಬಿಲ್ಲು ಕೊಟ್ರೆ ಸಿಕ್ಕಿಬೀಳ್ತಾನೆ. ಎರಡನೇದು ರೈತನಿಗೂ ಅದು ಬೇಡ ಅನ್ನಿಸೋ ಹಂಗೆ ಮಾಡ್ತಾನೆ, ರಾಸಾಯನಿಕ ಔಷಧಕ್ಕೆ 18 ಪರ್ಸೆಂಟ್ ಜಿಎಸ್‌ಟಿ, "ಬಿಲ್ ಬೇಕಂದ್ರ ಅದಕ್ಕ ಬ್ಯಾರೆ ರೇಟ್ ಆಗ್ತದ ನೋಡ್ರಿ" ಅಂದ ತಕ್ಷಣ ಯಾರಾದ್ರೂ ಬಿಲ್ಲು ಬಿಟ್ಟು ರೊಕ್ಕ ಉಳಿಸಿಕೊಳ್ತಾರೆ.

ರಾಯಚೂರು ಕಡೆ ಕದ್ದು ಮಾರೋ ಕಳೆನಾಶಕ ತಡೆಯೋ ಹತ್ತಿ ಬೀಜದ ವಿಷಯದಲ್ಲಿ ಇದು ಇನ್ನೂ ಕೆಟ್ಟದು. ಆ ಬೀಜಕ್ಕೆ ದೇಶದಲ್ಲಿ ಅನುಮತಿನೇ ಇಲ್ಲ. ಕಳೆ ತೆಗೆಯೋ ಕೂಲಿ ಉಳೀತದೆ ಅಂತ ಕೊಳ್ತಾರೆ, ಬೀಜ ಕೈಕೊಟ್ರೆ ದೂರು ಕೊಡೋಕೂ ಬರಲ್ಲ, ಕೊಟ್ರೆ ತಾನೂ ಸಿಕ್ಕೊಳ್ತಾನೆ. ಮಾರೋನಿಗೆ ಇದಕ್ಕಿಂತ ದೊಡ್ಡ ಗ್ಯಾರಂಟಿ ಬೇಡ.

ನಿಲ್ಲಿಸ್ರಿ ಅನ್ನೋರು, ಬ್ಯಾಡ ಅನ್ನೋರು

ಅಂಗಡಿಯೋರ ವಾದ ಸರಳ: ನಾವು ಲೈಸೆನ್ಸ್ ಮಾಡಿಸಿ, ಬಾಡಿಗೆ ಕಟ್ಟಿ, ಕೋರ್ಸ್ ಓದಿ ಕೂತಿದ್ದೀವಿ, ಸ್ಯಾಂಪಲ್ ಫೇಲಾದ್ರೆ ನಮ್ಮ ಮೇಲೆ ಕೇಸ್, ಅವನು ಏನೂ ಇಲ್ಲದೆ ಮಾರಿ ಹೋಗ್ತಾನೆ, ಮನೆ ಬಾಗಿಲ ಮಾರಾಟ ಪೂರ್ತಿ ನಿಲ್ಲಿಸ್ರಿ. ಇಲಾಖೆನೂ ಪ್ರತಿ ಮುಂಗಾರಿಗೆ ಲೈಸೆನ್ಸ್ ಇರೋ ಅಂಗಡೀಲೇ ಕೊಳ್ಳಿ ಅಂತ ಪ್ರಕಟಣೆ ಕೊಡ್ತದೆ.

ಆದ್ರೆ ಪೂರ್ತಿ ನಿಲ್ಲಿಸಿದ್ರೆ ಏನೇನು ಹೋಗ್ತದೆ ಅಂತಲೂ ನೋಡ್ಬೇಕು. ಕುಷ್ಟಗಿ, ಕೊಪ್ಪಳ ಕಡೆ ತರಕಾರಿ, ಹತ್ತಿ ಹೈಬ್ರಿಡ್ ಬೀಜೋತ್ಪಾದನೆ ನಡೆಯೋದೇ ಮನೆಗೆ ಬರೋ ಮಧ್ಯಸ್ಥರ ಮೇಲೆ, ಇವರನ್ನ ಆರ್ಗನೈಸರ್ ಅಂತಾರೆ. ಗಂಡು-ಹೆಣ್ಣು ಬೀಜ ತಂದುಕೊಡ್ತಾರೆ, ಮುಂಗಡ ರೊಕ್ಕ ಕೊಡ್ತಾರೆ, ಹೂವು ಕ್ರಾಸ್ ಮಾಡೋದು ಕಲಿಸ್ತಾರೆ, ಕೊನೆಗೆ ಬೀಜ ತಗೊಂಡು ಹೋಗ್ತಾರೆ. ಅರ್ಧ ಎಕರೆ ಇರೋನೂ ಇದರಿಂದ ಸಂಸಾರ ನಡೆಸ್ತಾನೆ. ಇಲ್ಲಿನ ತಕರಾರು ಬೇರೆ: ಬೀಜ ತಗೊಂಡ ಮೇಲೆ ತಳಿ ಶುದ್ಧತೆ ನೋಡೋಕೆ ಅದನ್ನ ಬಿತ್ತಿ ಬೆಳೆಸಿ ಪರೀಕ್ಷೆ ಮಾಡ್ತಾರೆ, ಅದಕ್ಕೆ ತಿಂಗಳುಗಟ್ಟಲೆ ಬೇಕು, ರೊಕ್ಕ ಅಲ್ಲಿ ತನಕ ಬರಲ್ಲ, "ಲಾಟ್ ಫೇಲಾತ್ರಿ" ಅಂದ್ರೆ ಕೈಯಲ್ಲಿ ಇರೋದು ಬಾಯಿ ಮಾತು ಮಾತ್ರ. ಬಾಗಿಲಿಗೆ ಬರೋದು ಇಲ್ಲಿ ಸಮಸ್ಯೆ ಅಲ್ಲ, ಕರಾರು ಕಾಗದದ ಮೇಲೆ ಇಲ್ಲದೇ ಇರೋದು ಸಮಸ್ಯೆ. ಅದಕ್ಕೇ ಬಾಗಿಲು ಮುಚ್ಚೋ ಕಾನೂನಿಗಿಂತ ಕಾಗದ ಕೇಳೋ ಕಾನೂನು ಬೇಕು ಅನ್ನೋರ ಮಾತಿನಲ್ಲಿ ಹುರುಳಿದೆ ಅನ್ನಿಸ್ತದೆ.

ಅಂಥ ಒಂದು ನಿಯಮ ಆಗಲೇ ಇದೆ, ಬಳಕೆ ಇಲ್ಲ. 2021ರ ಡಿಸೆಂಬರ್‌ನಲ್ಲಿ ಬಂದ ನೇರ ಮಾರಾಟ ನಿಯಮದ ಪ್ರಕಾರ ಚೈನ್ ಕಂಪನಿಗಳ ಏಜೆಂಟು ಗುರುತಿನ ಚೀಟಿ ಇಲ್ಲದೆ, ಮುಂಚೆ ಹೇಳಿ ಒಪ್ಪಿಗೆ ತಗೊಳ್ಳದೆ ಮನೆಗೆ ಬರಂಗೇ ಇಲ್ಲ. ಪಿರಮಿಡ್ ಸ್ಕೀಮಂತೂ ಸಂಪೂರ್ಣ ನಿಷೇಧ. ಬೀಗರ ಹುಡುಗನ್ನ ಐಡಿ ಕಾರ್ಡ್ ತೋರ್ಸು ಅನ್ನೋರು ಯಾರು ಅನ್ನೋದು ಬೇರೆ ಮಾತು.

ಸೋಲಾರ್, ಟವರ್, ಜಮೀನು ಲೀಸ್

ಸೋಲಾರ್ ಏಜೆಂಟರು ಜಾಸ್ತಿ ಆಗೋಕೆ ಕಾರಣ ಸರ್ಕಾರದ ನೀತಿನೇ. 2023ರ ಸೆಪ್ಟೆಂಬರ್ 22ರ ಆಚೆ ಹೊಸ ಪಂಪ್‌ಸೆಟ್ ಕನೆಕ್ಷನ್ ಕೇಳೋರು ಕಂಬ, ತಂತಿ ಖರ್ಚು ತಾವೇ ಹಾಕ್ಕೋಬೇಕು ಅಂತ ಆಯ್ತು, ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) 500 ಮೀಟರಿಗಿಂತ ದೂರ ಇದ್ರೆ ಸೋಲಾರ್ ಕಡೆಗೆ ಹೋಗ್ರಿ ಅಂತ. ಸೋಲಾರ್ ಪಂಪಿಗೆ ಸಬ್ಸಿಡಿ ಕೊಡೋ ಕುಸುಮ್ ಯೋಜನೆಯಲ್ಲಿ ಖರ್ಚಿನ ಪಾಲು ಕೇಂದ್ರ 30 ಪರ್ಸೆಂಟ್, ರಾಜ್ಯ 50 ಪರ್ಸೆಂಟ್, ರೈತ 20 ಪರ್ಸೆಂಟ್. ನೀರು ಬೇಕು, ಕರೆಂಟ್ ಇಲ್ಲ, ಸಬ್ಸಿಡಿ ಇದೆ, ಅರ್ಜಿ ಆನ್‌ಲೈನು. ಈ ನಾಲ್ಕು ಒಂದು ಕಡೆ ಸೇರಿದ್ರೆ ನಡುವೆ ಒಬ್ಬ ಏಜೆಂಟ್ ಹುಟ್ಟೇ ಹುಟ್ತಾನೆ. ಅರ್ಜಿ ಹಾಕೋದು ರಾಜ್ಯ ಸರ್ಕಾರದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್‌ನೋರ ಸೌರಮಿತ್ರ ಪೋರ್ಟಲ್‌ನಲ್ಲಿ, ರೈತನ ಪಾಲಿನ ರೊಕ್ಕನೂ ಆ ದಾರೀಲೇ ಹೋಗ್ಬೇಕು, ಯಾರದೋ ಫೋನ್ ಪೇ ನಂಬರಿಗಲ್ಲ. ಕುಸುಮ್ ಹೆಸರಲ್ಲಿ ನೋಂದಣಿ ಫೀಸ್ ಕೀಳೋ ನಕಲಿ ವೆಬ್‌ಸೈಟ್‌ಗಳ ಬಗ್ಗೆ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯದೋರೇ ಹಲವು ಸಲ ಎಚ್ಚರಿಕೆ ಕೊಟ್ಟಿದ್ದಾರೆ.

ಮೊಬೈಲ್ ಟವರ್ ಕೂಡ್ರಿಸ್ತೀವಿ, ಮುಂಚೆ ಎನ್‌ಒಸಿ (ಒಪ್ಪಿಗೆ ಪತ್ರ) ಫೀಸ್ ಕಟ್ರಿ ಅನ್ನೋದು ಹಳೇ ಮೋಸ, ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಅಂಥ ಎನ್‌ಒಸಿ ಕೊಡೋದೇ ಇಲ್ಲ.

ಜಮೀನು ಲೀಸ್ ವಿಷಯ ಸ್ವಲ್ಪ ನಿಧಾನಕ್ಕೆ ನೋಡ್ಬೇಕು. ಕುಷ್ಟಗಿ, ಯಲಬುರ್ಗಾ ಕಡೆ ಗಾಳಿ ಫ್ಯಾನು ಎದ್ದು ನಿಂತಿರೋದು ಕಣ್ಣಿಗೆ ಕಾಣ್ತದೆ, ಅದು ಸುಳ್ಳಲ್ಲ. ಪಾವಗಡದ ಸೋಲಾರ್ ಪಾರ್ಕಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ 5 ಪರ್ಸೆಂಟ್ ಏರಿಕೆ, 28 ವರ್ಷ ಅಂತ ಲೀಸ್ ಆಗಿದ್ದೂ ಖರೆ. ಏಜೆಂಟ್ ಇದನ್ನೇ ತೋರಿಸಿ ಛಾಪಾ ಕಾಗದದ ಮೇಲೆ ಸೈನ್ ಹಾಕಿಸ್ಕೊಳ್ತಾನೆ. ಒಂದು ವರ್ಷದ ಮೇಲಿನ ಯಾವ ಲೀಸ್ ಆದ್ರೂ ಸಬ್ ರಿಜಿಸ್ಟ್ರಾರ್ ಹತ್ರ ನೋಂದಣಿ ಆಗ್ಬೇಕು, ಹಂಗಾಗಿ ಆ ಕಾಗದದಿಂದ ರೈತ ಬಾಡಿಗೆ ವಸೂಲಿ ಮಾಡೋಕೆ ಹೋದ್ರೆ ಕೋರ್ಟಲ್ಲಿ ಪರದಾಡ್ಬೇಕು. ಆದ್ರೆ ಅದರೊಳಗೆ ಮುಂಗಡ ತಗೊಂಡಿದ್ದೀನಿ, ಬೇರೆಯವರಿಗೆ ಕೊಡಲ್ಲ ಅಂತ ಒಂದು ಸಾಲು ಇರ್ತದೆ, ಏಜೆಂಟ್ ಅದನ್ನ ಹಿಡ್ಕೊಂಡು ಕಂಪನಿ ಜೊತೆ ಚೌಕಾಸಿ ಮಾಡ್ತಾನೆ. ಜಂಟಿ ಖಾತೆ ಇದ್ರೆ ಒಬ್ಬ ಅಣ್ಣ ಸೈನ್ ಹಾಕಿದ್ದಕ್ಕೆ ಉಳಿದ ತಮ್ಮಂದಿರು ಬೀದಿಗೆ ಬರೋದು ಆಮೇಲಿನ ಕಥೆ.

ಮುಂದೆ ಏನಾಗಬಹುದು

ಬೀಜದ ದಂಡ 500ರಿಂದ ಲಕ್ಷಗಳಿಗೆ ಏರಿದ್ರೆ ಮೊದಲು ಬಿಗಿ ಆಗೋದು ಅಂಗಡಿಗಳೇ, ಯಾಕಂದ್ರೆ ಅವು ಕೈಗೆ ಸಿಗ್ತಾವೆ. ಸಣ್ಣ ಡೀಲರ್ ಹೆಸರಿಲ್ಲದ ಕಂಪನಿ ಬೀಜ ಇಡೋಕೆ ಹೆದರ್ತಾನೆ, ಅದು ಒಳ್ಳೇದೇ. ಆದ್ರೆ ಆ ಕಂಪನಿ ಸರಕು ಸುಮ್ನೆ ಕೂರಲ್ಲ, ಊರ ಹುಡುಗರ ಕೈಗೆ ಬರ್ತದೆ, ಬಯೋ ಬಾಟ್ಲಿ ವಿಷಯದಲ್ಲಿ ಆಗೋ ಸಾಧ್ಯತೆ ಇರೋದೂ ಇದೇ. ಉತ್ತೇಜಕಕ್ಕೆ ಕಾನೂನು ಬಂತು ಅಂದ್ರೆ ಲೇಬಲ್ ಮೇಲೆ "ಭೂಮಿ ಸುಧಾರಕ" ಅಂತ ಆಗ್ತದೆ, ಅದಕ್ಕೆ ಕಾನೂನು ಬರೋ ಹೊತ್ತಿಗೆ ಇನ್ನೊಂದು ಹೆಸರು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಪಾಕೀಟು ಎಲ್ಲಿಂದ ಬಂತು ಅಂತ ಗೊತ್ತಾಗೋದು ಖರೇನೇ ಉಪಯೋಗ, ಆದ್ರೆ ಪಾಕೀಟೇ ಇಲ್ಲದೆ ಲೂಸ್ ಮಾರೋ ಬೀಜಕ್ಕೆ ಸ್ಕ್ಯಾನ್ ಮಾಡೋದು ಏನನ್ನ.

ರೊಕ್ಕದ ಕಡೆಯಿಂದಲೂ ಒತ್ತಡ ಇದೆ. ತುಂಗಭದ್ರಾ ಡ್ಯಾಮಿನ 19ನೇ ಗೇಟು 2024ರ ಆಗಸ್ಟ್‌ನಲ್ಲಿ ಕೊಚ್ಚಿ ಹೋಯ್ತಲ್ಲ, ಅದಾದ ಮೇಲೆ 33 ಗೇಟೂ ಬದಲಿಸ್ಬೇಕು ಅಂತ 2025-26ರಲ್ಲಿ ಎರಡನೇ ಬೆಳೆಗೆ ನೀರಿಲ್ಲ ಅಂತ ಆಯ್ತು. ಕಾಲುವೆ ಕೆಳಗಿನ ಭತ್ತದೋರಿಗೆ ಒಂದು ಬೆಳೆ ರೊಕ್ಕ ಹೋದ್ರೆ ಅಂಗಡಿ ಉದ್ರಿ ಮುಂದಕ್ಕೆ ಹೋಗ್ತದೆ, ಹಳೇ ಬಾಕಿ ಇರೋನಿಗೆ ಸಾವ್ಕಾರ ಹೊಸ ಉದ್ರಿ ಕೊಡೋಕೆ ಹಿಂದೆ ಮುಂದೆ ನೋಡ್ತಾನೆ. "ರೊಕ್ಕ ಆಮೇಲ ಕೊಡು ತಾತಾ" ಅನ್ನೋ ಬೈಕಿನೋನು ಬರೋದು ಸರಿಯಾಗಿ ಆ ಹೊತ್ತಿಗೆ. ಬೋರ್‌ವೆಲ್ ಗಾಡಿಯೋರೂ ಅಷ್ಟೇ, ಅಡಿಗೆ ಇಷ್ಟು ಅಂತ ಮಾತ್ರ ಹೇಳಿ ಕೇಸಿಂಗ್ ಪೈಪಿನ ರೇಟು, ಮುನ್ನೂರು ಅಡಿ ದಾಟಿದ ಮೇಲಿನ ರೇಟು ಗಾಡಿ ಹೊಲದಲ್ಲಿ ನಿಂತ ಮೇಲೆ ಹೇಳ್ತಾರೆ, ಆಗ ಬ್ಯಾಡ ಅನ್ನೋಕಾಗಲ್ಲ.

ಕರಡು ಕಾಯ್ದೆಯಾಗಿ, ಅದರ ನಿಯಮ ಬರೆಯೋವಾಗ ನೋಡ್ಬೇಕಾದ್ದು 30 ಲಕ್ಷದ ಅಂಕಿ ಅಲ್ಲ. ಅಂಗಡಿ ಇಲ್ಲದೆ ಓಡಾಡಿ ಮಾರೋನು ಯಾರ ಪರವಾಗಿ ಮಾರ್ತಿದ್ದಾನೆ ಅಂತ ಕಾಗದ ಹಿಡ್ಕೊಂಡಿರ್ಬೇಕಾ, ಅವನು ಮಾರಿದ್ದಕ್ಕೆ ಕಂಪನಿ ಜವಾಬ್ದಾರಿನಾ ಅಲ್ವಾ ಅನ್ನೋ ಎರಡು ಪ್ರಶ್ನೆಗೆ ಅಲ್ಲಿ ಉತ್ತರ ಇದೆಯಾ ನೋಡ್ಬೇಕು. ಇದ್ರೆ ಬಿಲ್ಲು ತಾನಾಗೇ ಹೊರಗೆ ಬರ್ತದೆ. ಇಲ್ಲದಿದ್ರೆ ದಂಡ ಎಷ್ಟೇ ದೊಡ್ಡದಿರಲಿ, ಅದನ್ನ ಕಟ್ಟಿಸಿಕೊಳ್ಳೋಕೆ ಇನ್‌ಸ್ಪೆಕ್ಟರ್ ಹತ್ರ ಇರೋದೂ ಅದೇ ಸ್ವಿಚಾಫ್ ನಂಬರ್.